ಓಣಿಯ ಜಾಣ ಹುಡುಗನ ತಲೆಯನ್ನು ಒಳ್ಳೆಯ ಕೆಲಸಕ್ಕೆ ಹಚ್ಚೋದು ಹೇಗೆ?

ಮೇಲಿನ_ಮನೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಡಿ.

ನಾವು ಇರೋದು ಇಳಿಜಾರಿನ ಓಣಿಯಲ್ಲಿ. ನಮ್ಮ ಮನೆ ಮೇಲಿನ ತುದಿಗಿದೆ. ನಳದ ನೀರು ವಾರಕ್ಕೊಮ್ಮೆ ಬರುತ್ತದೆ, ಕೆಲವು ಸಲ ಅದಕ್ಕೂ ತಡ. ಬಂದಾಗ ಕೆಲವೇ ತಾಸು ಇರುತ್ತದೆ, ಅಷ್ಟರೊಳಗೆ ಓಣಿಯ ಎಲ್ಲರೂ ತುಂಬಿಕೊಳ್ಳಬೇಕು.

ಕೆಳಗಿನ ತುದಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಡಿಪ್ಲೊಮಾ ಓದಿದ್ದಾನೆ, ಕೈಯಲ್ಲಿ ಭಾಳ ಕಸುಬಿದೆ. ಮಿಕ್ಸರ್ ಇರಲಿ, ಫ್ಯಾನ್ ಇರಲಿ, ಏನು ಕೆಟ್ಟರೂ ಮಂದಿ ಅವನನ್ನೇ ಕರೆಯುತ್ತಾರೆ. ಮೊದಲು ಅವನೊಂದು ಸಣ್ಣ ಗಂಟೆ ಮಾಡಿದ್ದ. ನಳಕ್ಕೆ ನೀರು ಬಂದ ಕೂಡಲೇ ಬಾರಿಸುತ್ತಿತ್ತು. ನಡುರಾತ್ರಿ ನೀರು ಬಿಟ್ಟರೂ ಎಚ್ಚರ ಆಗುತ್ತಿತ್ತು, ನಿದ್ದೆಗೆಟ್ಟು ಕಾಯೋ ಕೆಲಸ ಇರಲಿಲ್ಲ. ಕೆಲವು ಮನೆಯವರು ಹಾಕಿಸಿಕೊಂಡರು, ಚಲೋ ಮಾಡಿದ್ದೀಯಪ್ಪ ಅಂದರು, ಅಲ್ಲಿಗೆ ಮುಗಿಯಿತು.

ಆಮೇಲೆ ಅವನು ನೇರ ಪೈಪಿಗೆ ಮೋಟಾರ್ ಕೂರಿಸೋದನ್ನು ಶುರು ಮಾಡಿದ. ಹೊರಗೆ ಕಾಣೋದಿಲ್ಲ, ಸದ್ದೂ ಕೇಳೋದಿಲ್ಲ, ಅಷ್ಟು ಚೊಕ್ಕ ಕೆಲಸ. ಒಂದು ಮನೆ ಹಾಕಿಸಿತು, ನೋಡಿ ಪಕ್ಕದ ಮನೆ ಹಾಕಿಸಿತು. ಈಗ ಕೆಳಗಿನ ಅರ್ಧ ಓಣಿಯಲ್ಲಿ ಮೋಟಾರ್ ಇದೆ, ಮೇಲಿನವರ ನಳದಲ್ಲಿ ಬರೇ ಗಾಳಿ ಬರುತ್ತದೆ. ಪಕ್ಕದ ಮನೆಯ ಅಜ್ಜಿ ಕೊಡ ಹಿಡಿದುಕೊಂಡು ಇಳಿದು ಹೋಗಿ ಅದೇ ಮನೆಗಳ ಮುಂದೆ ನಿಂತು ನೀರು ಕೇಳುತ್ತಾರೆ. ಆದರೂ ಓಣಿಯಲ್ಲಿ ಆ ಹುಡುಗನಿಗೆ ಈಗ ಇರೋ ಮರ್ಯಾದೆ ಗಂಟೆ ಮಾಡಿದಾಗ ಇರಲಿಲ್ಲ. ಎಂಥ ತಲೆ ಅಂತ ಹೊಗಳುತ್ತಾರೆ.

ನನ್ನನ್ನು ಕಾಡೋದು ನೀರೊಂದೇ ಅಲ್ಲ. ಎರಡೂ ಸಲ ಕೆಲಸ ಮಾಡಿದ್ದು ಅದೇ ತಲೆ, ಅದೇ ಕೈ. ಗಂಟೆಯಿಂದ ಯಾರಿಗೂ ನಷ್ಟ ಆಗಲಿಲ್ಲ, ಮೋಟಾರಿನಿಂದ ಅರ್ಧ ಓಣಿ ಒಣಗಿತು. ಉಳಿದ ಕಡೆಯೂ ಇದನ್ನೇ ನೋಡುತ್ತೇನೆ. ಲೆಕ್ಕ ಚೆನ್ನಾಗಿ ಬಲ್ಲವನು ಹೊಲದ ಪಾಲು ಮಾಡುವಾಗ ತಮ್ಮನಿಗೆ ಎಲ್ಲಿ ಕಡಿಮೆ ಹಾಕಬಹುದು ಅಂತ ಹುಡುಕುತ್ತಾನೆ. ಆಫೀಸಿನಲ್ಲಿ ಮಾತು ಬಲ್ಲವರು ಹೊಸ ವಿಚಾರ ಯಾರೇ ತರಲಿ, ಅದು ಯಾಕೆ ಆಗೋದಿಲ್ಲ ಅಂತ ಐದು ನಿಮಿಷದಲ್ಲಿ ತೋರಿಸಿ ಕೂರಿಸಿಬಿಡುತ್ತಾರೆ. ಹೀಗೆ ಮಾಡಿದರೆ ಆಗುತ್ತದೆ ಅನ್ನೋ ಮಾತು ಮಾತ್ರ ಅವರ ಬಾಯಲ್ಲಿ ಬರೋದಿಲ್ಲ.

ಇಂಥ ಬುದ್ಧಿಯನ್ನು ಕೆಡವೋದರಿಂದ ಕಟ್ಟೋದರ ಕಡೆಗೆ ತಿರುಗಿಸೋದು ಹೇಗೆ? ಉಪದೇಶ ಬೇಡ. ನಿಮ್ಮ ಕಡೆ ನಿಜವಾಗಿ ನಡೆದದ್ದು ಏನಾದರೂ ಇದ್ದರೆ ಹೇಳಿ.

ಪೈಪ್_ಕೆಲಸ, ಹುಬ್ಬಳ್ಳಿ

ನಾನು ನಳ ಜೋಡಿಸೋ ಕೆಲಸದಲ್ಲೇ ಇರೋನು, ಅದಕ್ಕೆ ಮೊದಲು ಮೋಟಾರಿನ ವಿಷಯ ಹೇಳುತ್ತೇನೆ. ನಿಮ್ಮ ಓಣಿಯ ಕೆಳಗಿನವರಿಗೆ ಇದು ಗೊತ್ತಿಲ್ಲ ಅನ್ನಿಸುತ್ತದೆ.

ಮೋಟಾರ್ ನೀರು ಹುಟ್ಟಿಸೋದಿಲ್ಲ. ಸವದತ್ತಿಯ ಮಲಪ್ರಭಾ ಅಣೆಕಟ್ಟಿನಿಂದ ಬಂದು, ಅಮ್ಮಿನಭಾವಿಯಲ್ಲಿ ಶುದ್ಧ ಆಗಿ, ಟ್ಯಾಂಕಿಗೆ ಏರಿ, ನಿಮ್ಮ ಓಣಿಗೆ ಬಿಟ್ಟ ನೀರು ಎಷ್ಟಿದೆಯೋ ಅಷ್ಟೇ. ಮೋಟಾರ್ ಅದನ್ನು ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ಎಳೆಯುತ್ತದೆ. ನಾಳೆ ಮೇಲಿನವರೂ ಹಾಕಿಸಿದರೆ ಎಲ್ಲರೂ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತೀರಿ, ಕರೆಂಟ್ ಬಿಲ್ ಮಾತ್ರ ಜಾಸ್ತಿ.

ಇನ್ನೊಂದು ಮುಖ್ಯ ಸಂಗತಿ. ಪೈಪಿನೊಳಗೆ ನೀರಿನ ಒತ್ತಡ ಹೊರಗಿಗಿಂತ ಜಾಸ್ತಿ ಇರೋ ತನಕ ಸೋರಿದರೆ ನೀರು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರೋದಿಲ್ಲ. ಮೋಟಾರ್ ಎಳೆದಾಗ ಒಳಗಿನ ಒತ್ತಡ ಇಳಿಯುತ್ತದೆ. ಆಗ ಜಾಯಿಂಟ್ ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಮಣ್ಣಿನ ನೀರು, ಗಟಾರದ ನೀರು ಒಳಗೆ ಬರುತ್ತದೆ. ಹಳೆಯ ಓಣಿಗಳಲ್ಲಿ ನಳದ ಪೈಪೂ ಗಟಾರವೂ ಒಂದರ ಪಕ್ಕ ಒಂದು ಇರೋದು ಎಲ್ಲರೂ ನೋಡಿದ್ದೇ. ವಾಂತಿ ಭೇದಿ, ಟೈಫಾಯಿಡ್, ಕಾಮಾಲೆ ಬರೋ ಒಂದು ದಾರಿ ಇದು. ಹೊಲಸು ಮೊದಲು ಹೋಗೋದು ಎಳೆದವರ ಮನೆಗೇ. ಇದನ್ನು ಆ ಹುಡುಗನಿಗೆ ಹೇಳಿ. ಕಸುಬು ಗೊತ್ತಿರೋನಿಗೆ ಕಾರಣ ಹೇಳಿದರೆ ಬೇಗ ತಿಳಿಯುತ್ತದೆ.

ಈಗ ಕಟ್ಟೋ ವಿಚಾರ. ಇಳಿಜಾರಿನ ಓಣಿಯಲ್ಲಿ ಕೆಳಗಿನವರ ಸಂಪ್ ಮೊದಲು ತುಂಬುತ್ತದೆ. ತುಂಬಿದ ಮೇಲೂ ನೀರು ಹರಿಯುತ್ತಲೇ ಇರುತ್ತದೆ, ಉಕ್ಕಿ ಅಂಗಳಕ್ಕೆ, ಗಟಾರಕ್ಕೆ ಹೋಗುತ್ತದೆ. ಕೆಳಗಿನ ಪ್ರತಿ ಸಂಪಿಗೂ ಫ್ಲೋಟ್ ವಾಲ್ವ್ ಹಾಕಿದರೆ ತುಂಬಿದ ತಕ್ಷಣ ತಾನೇ ಮುಚ್ಚಿಕೊಳ್ಳುತ್ತದೆ. ಆಗ ಪೈಪಿನಲ್ಲಿ ಒತ್ತಡ ಏರಿ ನೀರು ಮೇಲಿನ ಮನೆಗಳಿಗೆ ಹತ್ತುತ್ತದೆ. ಮೋಟಾರ್ ಬೇಕಾದರೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ಹಾಕಿಕೊಳ್ಳಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಕದ್ದು ಮೋಟಾರ್ ಕೂರಿಸೋ ಕೈಗೆ ಫ್ಲೋಟ್ ವಾಲ್ವ್ ಹಾಕೋದು ಏನೂ ಕಷ್ಟ ಅಲ್ಲ.

ನವನಗರ_ನಿವಾಸಿ, ಹುಬ್ಬಳ್ಳಿ

ಇಷ್ಟೆಲ್ಲ ಯಾಕೆ? ನೇರ ಪೈಪಿಗೆ ಮೋಟಾರ್ ಹಚ್ಚೋದು ತಪ್ಪು. ದೂರು ಕೊಡಿ, ಬಂದು ಜಪ್ತಿ ಮಾಡಿಕೊಂಡು ಹೋಗುತ್ತಾರೆ. ಅಜ್ಜಿ ಕೊಡ ಹಿಡಿದು ಇಳಿಜಾರು ಹತ್ತಿ ಇಳಿಯುತ್ತಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅವರಿಗೆ ನೀರು ಬೇಕಾಗಿರೋದು ಇವತ್ತು. ಹುಡುಗನ ಮನಸ್ಸು ತಿರುಗೋ ತನಕ ಅವರು ಕಾಯಬೇಕಾ?

ಮೇಷ್ಟ್ರು_ಗದಗ

ನವನಗರದವರ ಸಿಟ್ಟು ನ್ಯಾಯವಾದದ್ದೇ. ಆದರೆ ಜಪ್ತಿ ಆದ ಮರುದಿನ ಏನು ಅಂತಲೂ ಯೋಚನೆ ಮಾಡಬೇಕು. ನಮ್ಮ ಜಿಲ್ಲೆಯದೇ ಒಂದು ಸಂಗತಿ ಹೇಳುತ್ತೇನೆ, ಅದಕ್ಕೆ ಮೊದಲು ಪುಣೆ ಕಡೆಯದೊಂದು.

1875ರಲ್ಲಿ ಪುಣೆ ಜಿಲ್ಲೆಯ ಸುಪೆ ಅನ್ನೋ ಊರಿನಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರ, ಲೆಕ್ಕದ ಪುಸ್ತಕ ಸುಟ್ಟರು. ಅದು ಪುಣೆ, ಅಹಮದ್‌ನಗರ ಜಿಲ್ಲೆಯ ಬೇರೆ ಹಳ್ಳಿಗಳಿಗೂ ಹಬ್ಬಿತು. ಅವರ ಸಂಕಟ ನಿಜವಾದದ್ದು, ಬಡ್ಡಿಯಲ್ಲಿ ಹೊಲ ಮನೆ ಕಳೆದುಕೊಂಡವರು ಅವರು. 1879ರಲ್ಲಿ ಸರ್ಕಾರ ರೈತರಿಗಾಗಿ ಒಂದು ಕಾನೂನನ್ನೂ ತಂದಿತು. ಆದರೆ ಪತ್ರ ಸುಟ್ಟ ಮೇಲೂ ಮುಂದಿನ ಬಿತ್ತನೆಗೆ ಬೀಜ ಬೇಕು, ಎತ್ತು ಬೇಕು, ಅದಕ್ಕೆ ದುಡ್ಡು ಬೇಕು. ಅದು ಎಲ್ಲಿಂದ ಬರಬೇಕು? ಸುಟ್ಟದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಗದಗಿನ ಹತ್ತಿರ ಕಣಗಿನಹಾಳ ಅಂತ ಹಳ್ಳಿ ಇದೆ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಮರುವರ್ಷ, 1905ರಲ್ಲಿ, ಆ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಇಂಥ ಸಂಘಗಳಲ್ಲಿ ಇದು ಮೊದಲನೆಯದು ಅಂತ ಹೆಸರಾಗಿದೆ. ಅಲ್ಲಿಯೂ ಸಾಹುಕಾರರಿದ್ದರು, ಬಡ್ಡಿ ಇತ್ತು, ಸಿಟ್ಟೂ ಇತ್ತು. ಆ ಸಿಟ್ಟಿನಿಂದ ಒಂದು ಸಂಘ ಹುಟ್ಟಿತು.

ನಾನು ಹುಡುಗರಿಗೆ ಪಾಠದಲ್ಲಿ ಇದನ್ನು ಹೇಳುವಾಗ ಇಸವಿ, ಹೆಸರು ಹೇಳಿ ಮುಗಿಸೋದಿಲ್ಲ. ಆ ಸಂಘ ನಡೆದದ್ದು ಹೇಗೆ ಅನ್ನೋದು ಅದಕ್ಕಿಂತ ದೊಡ್ಡದು. 1904ರ ಆ ಕಾನೂನಿನಲ್ಲಿ ಹಳ್ಳಿಯ ಸಂಘಗಳಿಗೆ ಹೊಣೆಗೆ ಮಿತಿ ಇರಲಿಲ್ಲ. ಅಂದರೆ ಒಬ್ಬ ಸಾಲ ಕಟ್ಟದಿದ್ದರೆ ಉಳಿದ ಸದಸ್ಯರೆಲ್ಲ ಸೇರಿ ತುಂಬಬೇಕು. ಹಾಗಾದ ಮೇಲೆ ಯಾರಿಗೆ ಎಷ್ಟು ಕೊಡಬೇಕು ಅಂತ ಸದಸ್ಯರು ಸುಮ್ನೆ ಹೇಳೋ ಹಾಗಿಲ್ಲ. ಹಳ್ಳಿಯಲ್ಲಿ ಎಲ್ಲರ ವಿಷಯ ಎಲ್ಲರಿಗೂ ಗೊತ್ತಿರುತ್ತದೆ ನೋಡಿ, ಯಾರು ಕುಡಿಯುತ್ತಾರೆ, ಯಾರ ಮಾತು ಗಟ್ಟಿ, ಯಾರ ಮನೆಯಲ್ಲಿ ಈ ವರ್ಷ ಮದುವೆ ಇದೆ, ಯಾರ ಎತ್ತು ಮುದಿಯಾಗಿದೆ ಅಂತ. ಕಟ್ಟೆಯ ಮೇಲೆ ಕೂತು ಆಡಿದರೆ ಅದು ಚಾಡಿ, ಜಗಳದಲ್ಲಿ ಎತ್ತಿ ಆಡಿದರೆ ಅದು ಚುಚ್ಚುಮಾತು. ಅದೇ ತಿಳುವಳಿಕೆ ಸಂಘದ ಸಭೆಗೆ ಬಂದಾಗ, ಇವನಿಗೆ ಈಗ ಇಷ್ಟು ಕೊಟ್ಟರೆ ತೀರಿಸುತ್ತಾನೆ, ಇಷ್ಟಕ್ಕಿಂತ ಹೆಚ್ಚು ಕೊಟ್ಟರೆ ಮುಳುಗುತ್ತಾನೆ ಅಂತ ಹೇಳೋಕೆ ಬಳಕೆ ಆಯಿತು. ಅಡ ಇಡಲು ಏನೂ ಇಲ್ಲದವನಿಗೆ ನೆರೆಯವರ ತಿಳುವಳಿಕೆಯೇ ಜಾಮೀನು ಆಯಿತು.

ಅದಕ್ಕೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹುಡುಗನ ಮನಸ್ಸನ್ನು ಮಾತ್ರ ತಿದ್ದಲು ಹೋಗಬೇಡಿ. ಓಣಿ ಅವನ ಮುಂದೆ ಯಾವ ಪ್ರಶ್ನೆ ಇಟ್ಟಿದೆ ನೋಡಿ. ನನ್ನ ಮನೆಗೆ ಜಾಸ್ತಿ ನೀರು ತಂದುಕೊಡು ಅಂತ ಪ್ರತಿ ಮನೆಯೂ ಬೇರೆ ಬೇರೆಯಾಗಿ ಕೇಳಿದೆ. ಆ ಪ್ರಶ್ನೆಗೆ ಅವನು ಸರಿಯಾದ ಉತ್ತರವನ್ನೇ ಕೊಟ್ಟಿದ್ದಾನೆ. ಮೇಲಿನ ಕೊನೆಯ ಮನೆಗೂ ನೀರು ಹತ್ತೋ ಹಾಗೆ ಮಾಡು ಅಂತ ಇವತ್ತಿನ ತನಕ ಅವನನ್ನು ಯಾರಾದರೂ ಕೇಳಿದ್ದಾರಾ?

ಹಾನಗಲ್_ಕಡೆಯವ, ಹಾವೇರಿ

ಮೇಷ್ಟ್ರ ಮಾತು ಒಪ್ಪುತ್ತೇನೆ, ಆದರೆ ಒಂದು ಕಡೆ ತಡೆಯಬೇಕು ಅನ್ನಿಸುತ್ತದೆ. ಕೆಡವೋದೆಲ್ಲ ಕೆಟ್ಟದ್ದು ಅನ್ನೋ ಹಾಗೆ ಯಾರೂ ತಿಳಿಯಬಾರದು. ಹಾಗೆ ತಿಳಿದರೆ ತಪ್ಪನ್ನು ಪ್ರಶ್ನೆ ಮಾಡೋರೆಲ್ಲ ಕೆಡುಕರು ಅಂತ ಆಗಿಬಿಡುತ್ತದೆ. ಅದರ ಲಾಭ ಸಿಗೋದು ಬಲ ಇರೋರಿಗೆ.

ನಮ್ಮ ಹಾನಗಲ್ ತಾಲ್ಲೂಕಿನ ಕುಸನೂರಿನ ಕಥೆ ಕೇಳಿ. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು, ನಾವೂ ಗದಗಿನವರೂ ಬೇರೆ ಜಿಲ್ಲೆ ಆದದ್ದು 1997ರಲ್ಲಿ. 1984ರಲ್ಲಿ ಸರ್ಕಾರವೂ ಒಂದು ಖಾಸಗಿ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಂಪನಿ ಮಾಡಿದರು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸೋ ಯೋಜನೆ ಅದು. ಆ ಭೂಮಿ ಖಾಲಿ ಬಿದ್ದದ್ದಲ್ಲ. ಹಳ್ಳಿಯವರ ದನ ಮೇಯುತ್ತಿದ್ದದ್ದು ಅಲ್ಲೇ, ಬಡವರ ಒಲೆಗೆ ಕಟ್ಟಿಗೆ ಬರುತ್ತಿದ್ದದ್ದೂ ಅಲ್ಲಿಂದಲೇ. ನೀಲಗಿರಿ ಎಲೆಯನ್ನು ದನ ಮುಟ್ಟೋದಿಲ್ಲ.

1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಜೊತೆಗಿತ್ತು. ಆ ಸತ್ಯಾಗ್ರಹಕ್ಕೆ ಕಿತ್ತಿಕೋ ಹಚ್ಚಿಕೋ ಅಂತ ಹೆಸರು. ನೀಲಗಿರಿ ಸಸಿಗಳನ್ನು ಕಿತ್ತರು, ಅದೇ ಜಾಗದಲ್ಲಿ ಊರಿಗೆ ಬೇಕಾದ ಹಣ್ಣಿನ ಗಿಡ, ಮೇವಿನ ಗಿಡ ಹಚ್ಚಿದರು. ಕಿತ್ತದ್ದು ಇಡೀ ತೋಪನ್ನಲ್ಲ, ಸುಮಾರು ನೂರು ಸಸಿ ಅಷ್ಟೇ. ಜೊತೆಗೆ ಸುಪ್ರೀಂ ಕೋರ್ಟಿನಲ್ಲಿ ಕಾನೂನಿನ ದಾರಿಯೂ ನಡೆದಿತ್ತು. ಕೊನೆಗೆ 1991ರಲ್ಲಿ ಆ ಕಂಪನಿಯನ್ನೇ ಮುಚ್ಚಿದರು.

ನನಗೆ ಇದರಲ್ಲಿ ಹಿಡಿಸೋದು ಹೋರಾಟದವರು ಕೈಯಲ್ಲಿ ಸಸಿ ಹಿಡಿದುಕೊಂಡೇ ಬಂದದ್ದು. ಬರೀ ಕಿತ್ತು ಹೋಗಿದ್ದರೆ ಮರುವಾರ ಅಲ್ಲಿ ಮತ್ತೆ ನೀಲಗಿರಿ ನೆಡುತ್ತಿದ್ದರು, ಇವರನ್ನು ಪುಂಡರು ಅಂತ ಕರೆಯುತ್ತಿದ್ದರು. ಕೀಳದೆ ಬರೀ ಗಿಡ ಹಚ್ಚಲು ಹೋಗಿದ್ದರೆ ಜಾಗವೇ ಇರುತ್ತಿರಲಿಲ್ಲ.

ಹಾಗಾಗಿ ನಿಮ್ಮ ಓಣಿಯಲ್ಲಿ ಮೋಟಾರ್ ಕೀಳಲೇಬೇಕು. ನವನಗರದವರು ಹೇಳಿದ್ದರಲ್ಲಿ ಅಷ್ಟು ಸರಿ ಇದೆ. ಆದರೆ ಕೀಳೋ ದಿನವೇ ಫ್ಲೋಟ್ ವಾಲ್ವ್ ಕೂರಬೇಕು. ಆಫೀಸಿನಲ್ಲಿ ಇದು ಆಗೋದಿಲ್ಲ ಅನ್ನೋರಿಗೂ ನಾನು ಇದನ್ನೇ ಹೇಳುತ್ತೇನೆ. ಆಗೋದಿಲ್ಲ ಅನ್ನಲಿ, ಬೇಡ ಅನ್ನೋದಿಲ್ಲ, ತಪ್ಪು ಕಾಣೋ ಕಣ್ಣು ಎಲ್ಲರಿಗೂ ಇರೋದಿಲ್ಲ, ಅದು ಬೇಕು. ಆದರೆ ಅದರ ಬದಲು ಏನು ಹಚ್ಚೋಣ ಅನ್ನೋದನ್ನೂ ಅದೇ ಉಸಿರಿನಲ್ಲಿ ಹೇಳಲಿ.

ಖಾನಾವಳಿ_ಅಕ್ಕ, ರಾಣೆಬೆನ್ನೂರು

ಎಲ್ಲರೂ ದೊಡ್ಡ ಸಂಗತಿ ಹೇಳಿದ್ದೀರಿ. ನಾನು ಮನೆಯ ಮಾತು ಹೇಳುತ್ತೇನೆ.

ಆ ಹುಡುಗನಿಗೆ ಮೋಟಾರಿನಿಂದ ದುಡ್ಡು ಬರುತ್ತಿದೆ. ಅದನ್ನು ಯಾರೂ ಗಮನಿಸಲಿಲ್ಲ. ಗಂಟೆ ಮಾಡಿದಾಗ ಚಲೋ ಅಂದು ಕಳಿಸಿದರು, ಮೋಟಾರ್ ಹಾಕಿದಾಗ ಕೈಗೆ ನೋಟು ಇಟ್ಟರು. ಡಿಪ್ಲೊಮಾ ಓದಿ ಕೆಲಸ ಇಲ್ಲದೆ ಮನೆಯಲ್ಲಿ ಇರೋ ಹುಡುಗ ಯಾವ ಕಡೆ ಹೋಗುತ್ತಾನೆ ಹೇಳಿ. ಅವನ ತಾಯಿಗೂ ಅದೇ ಆಸರೆ ಇರಬಹುದು. ಈಗ ನೀವು ಹೋಗಿ ಬಿಟ್ಟುಬಿಡಪ್ಪ ಅಂದರೆ ಆ ದುಡ್ಡಿನ ಬದಲು ಏನು ಕೊಡುತ್ತೀರಿ? ಫ್ಲೋಟ್ ವಾಲ್ವ್ ಹಾಕೋಕೆ ಕೂಲಿ ಕೊಡಿ, ಪುಕ್ಕಟೆ ಮಾಡಿಸಬೇಡಿ. ಸಂಪ್ ತೊಳೆಯೋದು, ಸೋರೋ ನಳ ರಿಪೇರಿ ಮಾಡೋದು, ಗಂಟೆ ಹಾಕೋದು, ಇವೆಲ್ಲ ಅವನಿಗೇ ಬರಲಿ. ಓಣಿಯವರೆಲ್ಲ ತಿಂಗಳಿಗೆ ಇಷ್ಟು ಅಂತ ಕೂಡಿಸಿದರೆ ಯಾರಿಗೂ ಭಾರ ಆಗೋದಿಲ್ಲ.

ಇನ್ನೊಂದು. ಅವನನ್ನು ನಾಲ್ಕು ಮಂದಿ ಮುಂದೆ ನಿಲ್ಲಿಸಿ ಕೇಳಬೇಡಿ. ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯೋಕೆ ಬರೋ ಹೆಣ್ಣುಮಕ್ಕಳಲ್ಲಿ ಒಬ್ಬಳು ಭಾಳ ಚುರುಕು. ಯಾರ ಮನೆಯ ಜಗಳ ಏನು, ಯಾರಿಗೆ ಯಾವ ಮಾತು ಆಡಿದರೆ ನೋವಾಗುತ್ತದೆ, ಎಲ್ಲ ಅವಳಿಗೆ ಗೊತ್ತು. ಅದನ್ನೇ ಇಟ್ಟುಕೊಂಡು ಒಬ್ಬರನ್ನೊಬ್ಬರ ಮೇಲೆ ಎತ್ತಿಕಟ್ಟುತ್ತಿದ್ದಳು. ಎಲ್ಲರ ಮುಂದೆ ಬೈದದ್ದಕ್ಕೆ ಇನ್ನೂ ಜಾಸ್ತಿ ಆಯಿತು. ಆಮೇಲೆ ಅವಳ ಕೈಗೆ ರಜೆಯ ಲೆಕ್ಕ, ಪಾಳಿಯ ಲೆಕ್ಕ ಕೊಟ್ಟೆವು. ಯಾರ ಮಗುವಿಗೆ ಹುಷಾರಿಲ್ಲ, ಯಾರು ಬೇಗ ಹೋಗಬೇಕು, ಯಾರ ಬದಲು ಯಾರು ನಿಂತರೆ ಹೊಂದುತ್ತದೆ, ಇದೆಲ್ಲ ನಮಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಪೂರ್ತಿ ಬದಲಾದಳು ಅಂತ ನಾನು ಹೇಳೋದಿಲ್ಲ, ಈಗಲೂ ಒಮ್ಮೊಮ್ಮೆ ಬಾಯಿ ಜಾರುತ್ತದೆ. ಆದರೆ ಅವಳು ರಜೆಯಲ್ಲಿ ಇದ್ದ ದಿನ ಕೆಲಸ ತಪ್ಪುತ್ತದೆ, ಎಲ್ಲರೂ ಅವಳನ್ನು ನೆನೆಯುತ್ತಾರೆ. ಅದು ಅವಳಿಗೂ ಗೊತ್ತು.

ಮೇಲಿನ_ಮನೆ, ಧಾರವಾಡ

ಎಲ್ಲರಿಗೂ ಮನಸಾರೆ ಧನ್ಯವಾದ. ಮೇಷ್ಟ್ರೇ, ನೀವು ಕೇಳಿದ್ದು ತಲೆಯಲ್ಲೇ ಕೂತಿದೆ. ಇಲ್ಲ, ಕೊನೆಯ ಮನೆಗೆ ನೀರು ಹತ್ತಿಸು ಅಂತ ಅವನನ್ನು ಯಾರೂ ಕೇಳಿಲ್ಲ.

ನಿನ್ನೆ ಸಂಜೆ ಅವನನ್ನು ಮನೆಗೆ ಕರೆದು ಚಹಾ ಕೊಟ್ಟು ಮಾತಾಡಿದೆ, ಒಬ್ಬನನ್ನೇ. ಗಟಾರದ ನೀರು ಒಳಗೆ ಬರೋ ವಿಚಾರ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗಿನ ಒಂದು ಮನೆಯಲ್ಲಿ ನೀರು ಬಿಟ್ಟ ಮೊದಲಲ್ಲಿ ವಾಸನೆ ಬರುತ್ತದೆ ಅಂತ ದೂರುತ್ತಿದ್ದರು, ಟ್ಯಾಂಕ್ ತೊಳೀರಿ ಅಂದಿದ್ದೆ ಅಂತ ಅವನೇ ಹೇಳಿದ. ಫ್ಲೋಟ್ ವಾಲ್ವಿನ ಮಾತು ಬಂದಾಗ ಕಾಗದ ಕೇಳಿ ಓಣಿಯ ಚಿತ್ರ ಬರೆದ. ಯಾವ ಸಂಪ್ ಎಷ್ಟು ಆಳ ಇದೆ, ಎಲ್ಲಿ ತಿರುವು ಇದೆ, ಎಲ್ಲ ಅವನಿಗೆ ಬಾಯಿಪಾಠ. ಆದರೆ ಮೋಟಾರ್ ತೆಗೆಯೋಕೆ ಕೆಳಗಿನವರು ಒಪ್ಪೋದಿಲ್ಲ ಅಂದ. ತೆಗೆದ ಮೇಲೆ ನಮಗೇ ನೀರು ಬರದಿದ್ದರೆ ಅಂತ ಅವರಿಗೆ ಭಯ. ಇದಕ್ಕೆ ಏನು ಹೇಳಬೇಕು?

ಪೈಪ್_ಕೆಲಸ, ಹುಬ್ಬಳ್ಳಿ

ಆ ಭಯ ಸಹಜ. ಹುಬ್ಬಳ್ಳಿ ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ದಿನಪೂರ್ತಿ ನೀರು ಶುರು ಆಯಿತು. ಅಂಥ ಕಡೆ ಮೋಟಾರ್ ಯಾರಿಗೆ ಬೇಕು? ಪೈಪಿನಲ್ಲಿ ಯಾವಾಗಲೂ ನೀರು ಇದೆ ಅಂತ ಗೊತ್ತಿದ್ದರೆ ಹೆದರಿ ಕೂಡಿಡೋ ಕೆಲಸ ಇಲ್ಲ. ನಿಮ್ಮ ಓಣಿಯಲ್ಲಿ ಆ ಧೈರ್ಯ ಬರೋದು ಕಣ್ಣಾರೆ ಕಂಡ ಮೇಲೆಯೇ.

ಹೀಗೆ ಮಾಡಿ. ಪೂರ್ತಿ ಓಣಿಯನ್ನು ಒಪ್ಪಿಸಲು ಹೋಗಬೇಡಿ. ಒಂದು ಸರದಿಗೆ ಮಾತ್ರ ಮೋಟಾರ್ ಬಂದ್ ಇಡೋಣ, ತೆಗೆಯೋದು ಬೇಡ, ಸ್ವಿಚ್ ಮಾತ್ರ ಬಂದ್ ಅನ್ನಿ. ಅದಕ್ಕೆ ಮೊದಲು ಕೆಳಗಿನ ಸಂಪುಗಳಿಗೆ ವಾಲ್ವ್ ಕೂರಿಸಿರಿ. ಯಾವ ಸಂಪ್ ಎಷ್ಟು ಹೊತ್ತಿಗೆ ತುಂಬಿತು, ಮೇಲಿನ ಮನೆಗೆ ಯಾವಾಗ ಹತ್ತಿತು ಅಂತ ಹುಡುಗನೇ ಬರೆದುಕೊಳ್ಳಲಿ. ಅವನು ಮೊದಲು ಮಾಡಿದ ಗಂಟೆಯನ್ನೇ ಪ್ರತಿ ಮನೆಗೂ ಹಾಕಿದರೆ ಹೊತ್ತು ತಾನೇ ತಿಳಿಯುತ್ತದೆ. ಕೆಳಗಿನವರ ಸಂಪ್ ತುಂಬಿದ್ದು ಅವರೇ ನೋಡಿದರೆ ಎರಡನೇ ಸರದಿಗೆ ಇಷ್ಟು ಮಾತು ಬೇಕಾಗೋದಿಲ್ಲ. ಒಂದು ವೇಳೆ ವಾಲ್ವ್ ಹಾಕಿದ ಮೇಲೂ ಮೇಲಕ್ಕೆ ಹತ್ತದಿದ್ದರೆ ಹೊತ್ತು ಸಾಲುತ್ತಿಲ್ಲ ಅಂತ ಅರ್ಥ. ಆಗ ನೀರು ಬಿಡೋರ ಹತ್ತಿರ ಆ ಬರಹ ತೋರಿಸಿ ಇನ್ನೊಂದು ತಾಸು ಕೇಳಬಹುದು. ಬರೀ ಬಾಯಿಮಾತಿನ ದೂರಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಮಳೆಗಾಲಕ್ಕೆ ಇನ್ನೊಂದು ದಾರಿಯೂ ಇದೆ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 1,000 ಲೀಟರ್. ಸೋರಿ, ಆರಿ 800 ಸಿಕ್ಕರೂ ಬಟ್ಟೆ, ಪಾತ್ರೆ, ಸಂಡಾಸಿಗೆ ಸಾಕಷ್ಟಾಯಿತು. ಮೊದಲು ಬೀಳೋ ನೀರು ತಾರಸಿಯ ಧೂಳು ತೊಳೆದು ಬರುತ್ತದೆ, ಅದನ್ನು ಹೊರಗೆ ಬಿಡೋಕೆ ಒಂದು ಅಡ್ಡ ಪೈಪ್ ಬೇಕು. ಮೊದಲು ಅಜ್ಜಿಯ ಮನೆಗೆ ಮಾಡಿಸಿ. ಅಳತೆ ತೆಗೆದು ಇಲ್ಲಿ ಹಾಕೋಕೆ ಹುಡುಗನಿಗೆ ಹೇಳಿ, ಪೈಪಿನ ಸೈಜ್ ಎಷ್ಟಿರಬೇಕು ಅಂತ ನಾನು ಹೇಳುತ್ತೇನೆ.